ಹೊಸ ನೌಕೆಗಳೂ ಒಂದು ಓರೆಗೆರೆಯೂ

ಐಸ್‌ಲ್ಯಾಂಡಿನ ರಾಜಧಾನಿಯಾದ ರೇಕ್ಯಾವಿಕ್ ನಗರದ ಸಿಸಿಪಿ ಎಂಬ ಸಂಸ್ಥೆಯವರು 2003ರ ಮೇ ತಿಂಗಳಿನಲ್ಲಿ ಬಳಕೆಗೆ ಬಿಟ್ಟ 'ಈವ್ ಆನ್‌ಲೈನ್' ಎಂಬುದು, ಸಾವಿರಾರು ಸೌರಮಂಡಲಗಳನ್ನುಳ್ಳ ಒಂದೇ ಕಲ್ಪಿತ ಬ್ರಹ್ಮಾಂಡದಲ್ಲಿ ನಾನಾ ದೇಶಗಳ ಜನರು ಏಕಕಾಲಕ್ಕೆ ನೌಕೆಗಳನ್ನು ನಡೆಸುತ್ತ, ವ್ಯಾಪಾರ ಕುದುರಿಸುತ್ತ, ಸಮರ ಹೂಡುತ್ತ ಆಡುವ ಕಂಪ್ಯೂಟರ್ ಆಟ. ಇಂತಹ ಆಟದಲ್ಲಿ ನೌಕೆಯ ಲೋಹದ ಹೊಳಪು, ನೆರಳು, ಸ್ಫೋಟದ ಜ್ವಾಲೆ ಮೊದಲಾಗಿ ಕಣ್ಣಿಗೆ ಗೋಚರಿಸುವ ಸಮಸ್ತವನ್ನೂ ಕ್ಷಣಕ್ಷಣಕ್ಕೆ ಲೆಕ್ಕ ಹಾಕಿ ಪರದೆಯ ಮೇಲೆ ಮೂಡಿಸುವ ತಂತ್ರಾಂಶಕ್ಕೆ ಗ್ರಾಫಿಕ್ಸ್ ಎಂಜಿನ್ ಎಂದು ಹೆಸರು. ಸೆಕೆಂಡಿಗೆ 60 ಫ್ರೇಮುಗಳು ಮೂಡಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲಾವಕಾಶ ಹದಿನೇಳು ಮಿಲಿಸೆಕೆಂಡಿಗೂ ಕಡಮೆ.

ಈ ಎಂಜಿನ್ನನ್ನು ಉತ್ತಮಪಡಿಸಿದ ಮೇಲೆ ಅದು ನಿಜವಾಗಿಯೂ ಉತ್ತಮವಾಯಿತೇ ಎಂದು ಪರೀಕ್ಷಿಸುವುದು, ಹೊರಗಿನವರು ಭಾವಿಸುವಂತೆ, ಚಿತ್ರವನ್ನು ನೋಡಿ ತಲೆದೂಗುವಷ್ಟು ಸುಲಭವಾದ ಕಾರ್ಯವಲ್ಲ. ಒಂದೇ ದೃಶ್ಯವನ್ನು ಹಳೆಯ ಎಂಜಿನ್ನಿನಿಂದಲೂ ಹೊಸದರಿಂದಲೂ ಮೂಡಿಸಿ, ಚುಕ್ಕೆಗೆ ಚುಕ್ಕೆಯನ್ನು ಹೋಲಿಸಿ, ಬೇಕೆಂದೇ ಮಾಡಿದ ವ್ಯತ್ಯಾಸ ಯಾವುದು, ಅರಿಯದೆ ನುಸುಳಿದ್ದು ಯಾವುದು ಎಂದು ವಿವೇಚಿಸಬೇಕು. ವೇಗವನ್ನು ಅಳೆಯುವಲ್ಲಿ ಸರಾಸರಿಯನ್ನು ನಂಬುವಂತಿಲ್ಲ: 59 ಫ್ರೇಮುಗಳು ಮುಕ್ಕಾಲು ಸೆಕೆಂಡಿನಲ್ಲಿ ಓಡಿಬಂದು, ಉಳಿದೊಂದು ಕಾಲು ಸೆಕೆಂಡು ತಡೆದು ನಿಂತರೂ ಕಾಗದದ ಮೇಲೆ ಸೆಕೆಂಡಿಗೆ 60 ಎಂದೇ ಕಾಣುವುದು, ಆಡುವವನಿಗಾದರೋ ಆಟ ಮುಗ್ಗರಿಸಿದಂತೆ ತೋರುವುದು. ಇದರ ಮೇಲೆ ಗ್ರಾಫಿಕ್ಸ್ ಕಾರ್ಡುಗಳ ವೈವಿಧ್ಯ, ಅವುಗಳ ಡ್ರೈವರುಗಳ ವೈಚಿತ್ರ್ಯ. ಒಂದರಲ್ಲಿ ನಿರ್ದೋಷವಾದದ್ದು ಇನ್ನೊಂದರಲ್ಲಿ ಕಪ್ಪು ಪರದೆಯಾಗಿ ಪರಿಣಮಿಸೀತು.

ಯಾವ ಕಚೇರಿಯೂ ಇಷ್ಟು ಬಗೆಯ ಯಂತ್ರಗಳನ್ನು ಕೂಡಿಹಾಕಲಾರದಾದ್ದರಿಂದ, ಸಿಸಿಪಿಯವರು ತಮ್ಮ ಮುಖ್ಯ ಸರ್ವರಿನ ಪ್ರತಿಬಿಂಬದಂತಿರುವ 'ಸಿಂಗ್ಯುಲಾರಿಟಿ' ಎಂಬ ಪರೀಕ್ಷಾ ಸರ್ವರನ್ನು ಆಟಗಾರರಿಗೇ ತೆರೆದಿಟ್ಟರು. ಅಲ್ಲಿ ನೌಕೆ ಸುಟ್ಟರೆ ನಿಜವಾದ ನಷ್ಟವಿಲ್ಲ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ನೂರಾರು ಜನರನ್ನು ಒಂದೇ ಸೌರಮಂಡಲಕ್ಕೆ ಕರೆಸಿ, ಪರಸ್ಪರ ಕಾದಾಡಿಸಿ, ಹೊರೆ ಹೆಚ್ಚಿದಾಗ ಏನು ಕೆಡುವುದೆಂದು ನೋಡುವ ಪದ್ಧತಿಯೂ ಅಲ್ಲಿದೆ. ಸಂಬಳವಿಲ್ಲದ ಈ ಪರೀಕ್ಷಕರ ಉತ್ಸಾಹವನ್ನು ಕಂಡು ನನಗೆ ಗೌರವವೂ ತುಸು ಆಶ್ಚರ್ಯವೂ ಉಂಟಾಗುತ್ತದೆ.

ಇಷ್ಟಾದರೂ ಕೇಡು ಅನಿರೀಕ್ಷಿತವಾದ ದಾರಿಯಿಂದ ಬಂದಿತು. 2007ರ ಡಿಸೆಂಬರಿನಲ್ಲಿ, ನೌಕೆಗಳನ್ನೆಲ್ಲ ಹೊಸದಾಗಿ ರೂಪಿಸಿ, ಎಂಜಿನ್ನನ್ನೂ ನವೀಕರಿಸಿ, 'ಟ್ರಿನಿಟಿ' ಎಂಬ ಹೆಸರಿನಿಂದ ಬಿಡುಗಡೆ ಮಾಡಿದರು. ಹಳೆಯ ಕಂಪ್ಯೂಟರುಳ್ಳವರಿಗೆ ಹಿಂದಿನ ಚಿತ್ರಣವನ್ನೇ ಉಳಿಸಿ, ಹೊಸದನ್ನು ಬಯಸುವವರಿಗೆ ಪ್ರತ್ಯೇಕವಾದ ಇನ್‌ಸ್ಟಾಲರನ್ನು ಒದಗಿಸಿದ್ದರು. ಆಟದ ಫೋಲ್ಡರಿನಲ್ಲಿ ಮೊದಲಿನಿಂದಲೂ 'ಬೂಟ್.ಐಎನ್‌ಐ' ಎಂಬ ಚಿಕ್ಕ ಫೈಲೊಂದಿತ್ತು. ದುರ್ದೈವವಶಾತ್, ಅಂದು ಬಹುಜನರು ಬಳಸುತ್ತಿದ್ದ ವಿಂಡೋಸ್ ಎಕ್ಸ್‌ಪಿ ತಾನು ಎಲ್ಲಿಂದ ಆರಂಭವಾಗಬೇಕೆಂದು ಓದಿಕೊಳ್ಳುವ ಫೈಲಿಗೂ ಅದೇ ಹೆಸರು, ಅದು ಇರುವುದು ಡಿಸ್ಕಿನ ಬುಡದಲ್ಲಿ. ಇನ್‌ಸ್ಟಾಲರು ಅಳಿಸಬೇಕಾದದ್ದು ಆಟದ ಫೈಲನ್ನು. ಆದರೆ ಆಜ್ಞೆಯಲ್ಲಿ ಹೆಸರಿನ ಮುಂದೆ ಒಂದು ಓರೆಗೆರೆ ಅಧಿಕವಾಗಿ ಬಿದ್ದಿದ್ದರಿಂದ ಅದು 'ಡಿಸ್ಕಿನ ಬುಡದಲ್ಲಿರುವ ಫೈಲು' ಎಂದು ಅರ್ಥವಾಗಿ, ಎಷ್ಟೋ ಆಟಗಾರರ ಕಂಪ್ಯೂಟರುಗಳು ಮರುಸಲ ಆರಂಭವಾಗಲೇ ಇಲ್ಲ. ನಾಟಕದ ಹೊಸ ಪರದೆಗಳೆಲ್ಲ ಚೆನ್ನಾಗಿದ್ದು, ಅವನ್ನು ಹೇರಿತಂದ ಬಂಡಿ ಮನೆಯ ಹೆಬ್ಬಾಗಿಲನ್ನು ಮುರಿದಂತಾಯಿತು.

ಸಂಸ್ಥೆಯವರು ಆ ಇನ್‌ಸ್ಟಾಲರನ್ನು ಬೇಗನೆ ಹಿಂತೆಗೆದುಕೊಂಡು, ಪರಿಹಾರೋಪಾಯವನ್ನು ಪ್ರಕಟಿಸಿ, ದೋಷ ಯಾವ ಸಾಲಿನಲ್ಲಿತ್ತೆಂಬುದನ್ನು ಸಾರ್ವಜನಿಕವಾಗಿ ವಿವರಿಸಿದರು. ಟ್ರಿನಿಟಿಯ ನೌಕೆಗಳ ಸೊಬಗಿಗಿಂತ ಆ ವಿವರಣೆಯೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಆಟದ ಆ ಫೈಲಿಗೆ ಆಮೇಲೆ 'ಸ್ಟಾರ್ಟ್.ಐಎನ್‌ಐ' ಎಂದು ಹೆಸರಿಟ್ಟರು.