ದೊಡ್ಡ ಬೀಗ ತೆಗೆಯಲು ಹಿಡಿದದ್ದು 15 ವರ್ಷ

ಒಂಟಿ ಹಳಿಯ ರೈಲುಮಾರ್ಗಗಳಲ್ಲಿ ಹಿಂದೆ ಪ್ರಯಾಣ ಮಾಡಿದವರಿಗೆ ಬೆತ್ತದ ಬಳೆಯೊಂದು ನೆನಪಿರಬಹುದು. ರೈಲು ನಿಲ್ದಾಣವನ್ನು ದಾಟುವಾಗ ಎಂಜಿನ್‌ನಲ್ಲಿದ್ದವರು ಒಂದು ಬಳೆಯನ್ನು ಕೆಳಗೆ ಎಸೆದು, ಪ್ಲಾಟ್‌ಫಾರಂ ಮೇಲೆ ನಿಂತ ನೌಕರನ ಕೈಯಿಂದ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಒಂದು ಲೋಹದ ಗುಂಡು. ಅದೇ ಟೋಕನ್. ಅದು ಕೈಯಲ್ಲಿದ್ದ ರೈಲಿಗೆ ಮಾತ್ರ ಮುಂದಿನ ನಿಲ್ದಾಣದವರೆಗಿನ ಹಳಿಯ ಮೇಲೆ ಹೋಗುವ ಹಕ್ಕು. ಎರಡೂ ನಿಲ್ದಾಣಗಳ ಟೋಕನ್ ಯಂತ್ರಗಳಿಗೆ ವಿದ್ಯುತ್ ತಂತಿಯ ಸಂಪರ್ಕವಿದ್ದು, ಒಂದು ಗುಂಡು ಹೊರಗಿರುವಾಗ ಇನ್ನೊಂದು ಯಾವ ತುದಿಯಲ್ಲೂ ಹೊರಬರುತ್ತಿರಲಿಲ್ಲ. ಎದುರುಬದುರಾಗಿ ಬರುವ ರೈಲುಗಳು ಡಿಕ್ಕಿಯಾಗದಂತೆ ಕಾಯುತ್ತಿದ್ದುದು ಈ ಏರ್ಪಾಡು.

ಕಂಪ್ಯೂಟರಿನ ಒಳಗೂ ಇಂಥ ಟೋಕನ್‌ಗಳಿವೆ. 1960ರ ದಶಕದಲ್ಲಿ ಹಾಲೆಂಡಿನ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವುಗಳ ತತ್ವವನ್ನು ರೂಪಿಸಿದಾಗ ಹೆಸರನ್ನೂ ರೈಲ್ವೆಯಿಂದಲೇ ಎರವಲು ಪಡೆದರು: ಸೆಮಾಫೋರ್, ಅಂದರೆ ಸಿಗ್ನಲ್ ಕಂಬ. ಈಗ ಅದರ ನಾನಾ ರೂಪಗಳನ್ನು ಸರಳವಾಗಿ ‘ಲಾಕ್’ ಅಥವಾ ಬೀಗ ಎನ್ನುತ್ತಾರೆ. ಕಂಪ್ಯೂಟರ್ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಎಂಬುದು ಅದರ ಪ್ರೊಸೆಸರುಗಳ ಸಂಖ್ಯೆಯಷ್ಟೇ ಈ ಬೀಗಗಳ ಮೇಲೂ ನಿಂತಿದೆ. ಪ್ರೊಸೆಸರುಗಳು ಹೆಚ್ಚಿದಂತೆ ಬೀಗದ ಬಾಗಿಲಲ್ಲಿ ಕಾಯುವವರೂ ಹೆಚ್ಚುತ್ತಾರೆ.

ಬೀಗ ಏಕೆ ಬೇಕು? ಸಹಕಾರ ಸಂಘವೊಂದರ ಲೆಕ್ಕದ ಪುಸ್ತಕದಲ್ಲಿ ಒಬ್ಬ ಸದಸ್ಯನ ಹೆಸರಿನಲ್ಲಿ 1,000 ರೂಪಾಯಿ ಇದೆ ಎನ್ನೋಣ. ಒಬ್ಬ ಗುಮಾಸ್ತ 200 ರೂಪಾಯಿ ಜಮಾ ಬರೆಯಬೇಕು, ಇನ್ನೊಬ್ಬ 300 ರೂಪಾಯಿ ಖರ್ಚು ಬರೆಯಬೇಕು. ಇಬ್ಬರೂ ಒಮ್ಮೆಗೇ ಪುಸ್ತಕ ನೋಡಿ 1,000 ಎಂದು ಮನಸ್ಸಿನಲ್ಲಿಟ್ಟುಕೊಂಡರು. ಮೊದಲನೆಯವನು 1,200 ಎಂದು ಬರೆದ. ಮರುಗಳಿಗೆಯಲ್ಲಿ ಎರಡನೆಯವನು ಅದನ್ನು ಹೊಡೆದುಹಾಕಿ 700 ಎಂದು ಬರೆದ. ಇರಬೇಕಾದದ್ದು 900. ಇಬ್ಬರ ಲೆಕ್ಕವೂ ಸರಿ, ಪುಸ್ತಕ ಮಾತ್ರ ತಪ್ಪು. ಥ್ರೆಡ್ ಎಂದು ಕರೆಯುವ ಕೆಲಸದ ಎಳೆಗಳು ಏಕಕಾಲಕ್ಕೆ ಓಡುವ ಕಂಪ್ಯೂಟರಿನಲ್ಲಿ ಈ ಬಗೆಯ ತಪ್ಪು ಲಕ್ಷಕ್ಕೊಮ್ಮೆ ಆಗಬಹುದು, ಆದರೆ ಆಗಿಯೇ ಆಗುತ್ತದೆ. ಹಾಗಾಗಿ ಪುಸ್ತಕ ಮುಟ್ಟುವ ಮೊದಲು ಬೀಗ ಹಿಡಿಯಬೇಕು, ಬರೆದ ಮೇಲೆ ಬಿಡಬೇಕು.

ಈ ಲೆಕ್ಕದ ಪುಸ್ತಕಗಳು ಅತಿ ಹೆಚ್ಚಾಗಿರುವ ಜಾಗ ಕರ್ನಲ್. ಆಪರೇಟಿಂಗ್ ಸಿಸ್ಟಮ್‌ನ ತಿರುಳು ಅದು. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಯಾವ ಕಡತ ಡಿಸ್ಕ್‌ನ ಯಾವ ಮೂಲೆಯಲ್ಲಿದೆ, ಜಾಲದಿಂದ ಬಂದ ಮಾಹಿತಿ ಯಾರಿಗೆ ಸೇರಬೇಕು, ಎಲ್ಲವನ್ನೂ ಕರ್ನಲ್ಲೇ ನೋಡಿಕೊಳ್ಳುತ್ತದೆ.

ಇಡೀ ರೈಲ್ವೆಗೆ ಒಂದೇ ಟೋಕನ್

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯತೊಡಗಿದಾಗ ಅವರ ಮುಂದೆ ಇದ್ದದ್ದು ಒಂದೇ ಪ್ರೊಸೆಸರಿನ 386 ಯಂತ್ರ. ಒಬ್ಬನೇ ಗುಮಾಸ್ತನಿರುವ ಕಚೇರಿಯಲ್ಲಿ ಜಗಳಕ್ಕೆ ಅವಕಾಶ ಕಡಿಮೆ. 1996ರ ಜೂನ್‌ನಲ್ಲಿ ಬಂದ 2.0 ಆವೃತ್ತಿ ಮೊದಲ ಬಾರಿಗೆ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿಗೆ ಬೆಂಬಲ ನೀಡಿತು. ಇದಕ್ಕೆ ಬೇಕಾದ ಆರಂಭದ ಕೆಲಸದಲ್ಲಿ ಬ್ರಿಟನ್ನಿನ ಅಲನ್ ಕಾಕ್ಸ್ ಅವರ ಪಾತ್ರ ದೊಡ್ಡದು. ಅಷ್ಟು ಹೊತ್ತಿಗೆ ಬರೆದು ಮುಗಿದಿದ್ದ ಲಕ್ಷಾಂತರ ಸಾಲುಗಳನ್ನು ಹೊಸ ಪರಿಸ್ಥಿತಿಗೆ ತಕ್ಕಂತೆ ತಿದ್ದುವುದು ಹೇಗೆ? ತಿದ್ದಲಿಲ್ಲ. ಇಡೀ ಕರ್ನಲ್ಲಿಗೆ ಒಂದೇ ಬೀಗ ಜಡಿದರು. ಅದರ ಹೆಸರೇ ‘ಬಿಗ್ ಕರ್ನಲ್ ಲಾಕ್’, ದೊಡ್ಡ ಕರ್ನಲ್ ಬೀಗ. ಒಂದು ಪ್ರೊಸೆಸರ್ ಕರ್ನಲ್ಲಿನೊಳಗೆ ಇದ್ದಷ್ಟು ಹೊತ್ತು ಉಳಿದವು ಹೊರಗೆ ಕಾಯಬೇಕು.

ಇದು ಬೆಂಗಳೂರಿನಿಂದ ಮೈಸೂರಿಗೆ ಒಂದು ರೈಲು ಹೊರಟಾಗ ಹುಬ್ಬಳ್ಳಿ-ಗದಗ ನಡುವಿನ ರೈಲನ್ನೂ ನಿಲ್ಲಿಸಿದಂತೆ. ಡಿಕ್ಕಿಯಂತೂ ಆಗುವುದಿಲ್ಲ. ಆದರೂ ಇದನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಯೂನಿಕ್ಸ್ ವಂಶದ ಮತ್ತೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಕೂಡ ಇದೇ ದಾರಿಯಲ್ಲಿ ಬಂದದ್ದು. ಅಲ್ಲಿನವರು ತಮ್ಮ ದೊಡ್ಡ ಬೀಗಕ್ಕೆ ‘ಜೈಂಟ್’, ಅಂದರೆ ದೈತ್ಯ, ಎಂದು ಹೆಸರಿಟ್ಟಿದ್ದರು. ಎರಡು ಪ್ರೊಸೆಸರುಗಳಿದ್ದು, ಅವು ಹೆಚ್ಚಿನ ವೇಳೆಯನ್ನು ಕರ್ನಲ್ಲಿನ ಹೊರಗೆ ಲೆಕ್ಕ ಮಾಡುವುದರಲ್ಲೇ ಕಳೆದರೆ ಇದರಿಂದ ನಷ್ಟವೇನೂ ಕಾಣದು. ಕಡತ ಮತ್ತು ಜಾಲದ ಕೆಲಸ ಹೆಚ್ಚಿದಾಗ ಮಾತ್ರ ಬೀಗ ಬಿಗಿಯುತ್ತದೆ. 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದ ಇಲ್ಲಿ ನೇರವಾಗಿ ಅನ್ವಯವಾಗುತ್ತದೆ: ಒಟ್ಟು ಕೆಲಸದ ಐದನೇ ಒಂದು ಭಾಗವನ್ನು ಒಬ್ಬರಾದ ಮೇಲೆ ಒಬ್ಬರು ಮಾಡಬೇಕಾದರೆ, 100 ಪ್ರೊಸೆಸರ್ ತಂದರೂ ವೇಗ ಐದು ಪಟ್ಟು ಮುಟ್ಟದು.

ಬಿಸಿ ತಟ್ಟಿದ್ದು 1999ರ ಏಪ್ರಿಲ್‌ನಲ್ಲಿ. ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ 400 ಮೆಗಾಹರ್ಟ್ಸ್‌ನ ನಾಲ್ಕು ಪ್ರೊಸೆಸರುಗಳಿದ್ದ ಡೆಲ್ ಸರ್ವರ್ ಒಂದರಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಎನ್‌ಟಿ ಎರಡನ್ನೂ ಓಡಿಸಿ ಫಲಿತಾಂಶ ಪ್ರಕಟಿಸಿತು. ಕಡತಗಳನ್ನು ಒದಗಿಸುವುದರಲ್ಲಿ ಎನ್‌ಟಿ 2.5 ಪಟ್ಟು, ವೆಬ್ ಪುಟ ಒದಗಿಸುವುದರಲ್ಲಿ 3.7 ಪಟ್ಟು ಮುಂದು. ಪರೀಕ್ಷೆಗೆ ಹಣ ಕೊಟ್ಟದ್ದು ಮೈಕ್ರೋಸಾಫ್ಟ್ ಎಂದು ತಿಳಿದಾಗ ಲಿನಕ್ಸ್ ಬಳಗ ಕೆರಳಿತು. ಯಂತ್ರವನ್ನು ಲಿನಕ್ಸ್‌ಗೆ ಸರಿಯಾಗಿ ಹೊಂದಿಸಿಲ್ಲ ಎಂಬ ಆಕ್ಷೇಪವೂ ಬಂತು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಅದೇ ವರ್ಷ ಲಿನಕ್ಸ್ ತಜ್ಞರ ಸಮ್ಮುಖದಲ್ಲೇ ಮರುಪರೀಕ್ಷೆ ನಡೆದಾಗಲೂ ಎನ್‌ಟಿ ಮುಂದೆ ನಿಂತಿತು. ಸರ್ವರಿನಲ್ಲಿ ನಾಲ್ಕು ಜಾಲ ಕಾರ್ಡ್‌ಗಳಿದ್ದರೂ ಲಿನಕ್ಸ್‌ನ ಜಾಲ ವಿಭಾಗದೊಳಗೆ ಕೆಲಸ ಸಾಗುತ್ತಿದ್ದುದು ಒಂದೇ ಸಾಲಿನಲ್ಲಿ. ಎದುರಾಳಿಯ ದುಡ್ಡಿನಲ್ಲಿ ನಡೆದ ಪರೀಕ್ಷೆಯಿಂದ ಲಿನಕ್ಸ್‌ಗೆ ಆದ ಉಪಕಾರ ಸಣ್ಣದಲ್ಲ. 2001ರ ಜನವರಿಯಲ್ಲಿ 2.4 ಆವೃತ್ತಿ ಬರುವ ಹೊತ್ತಿಗೆ ಆ ಸಾಲನ್ನು ಒಡೆದು ಹಲವಾಗಿ ಮಾಡಲಾಗಿತ್ತು.

ಸಣ್ಣ ಬೀಗಗಳ ಕಷ್ಟ

ದೊಡ್ಡ ಬೀಗವನ್ನು ತೆಗೆದು ಸಾವಿರ ಸಣ್ಣ ಬೀಗ ಹಾಕಿದರೆ ಮುಗಿಯಿತಲ್ಲ ಎನ್ನಿಸಬಹುದು. ಸಣ್ಣ ಬೀಗಗಳಿಗೆ ತಮ್ಮದೇ ತಾಪತ್ರಯವಿದೆ. ಕಚೇರಿಯೊಂದರಲ್ಲಿ ಕಾಗದಕ್ಕೆ ರಿಜಿಸ್ಟರ್ ಬೇಕು, ಮೊಹರೂ ಬೇಕು. ಒಬ್ಬ ಗುಮಾಸ್ತ ರಿಜಿಸ್ಟರ್ ಹಿಡಿದು ಮೊಹರಿಗೆ ಕಾಯುತ್ತಾನೆ. ಇನ್ನೊಬ್ಬ ಮೊಹರು ಹಿಡಿದು ರಿಜಿಸ್ಟರಿಗೆ ಕಾಯುತ್ತಾನೆ. ಇಬ್ಬರೂ ಬಿಡುವುದಿಲ್ಲ, ಕಚೇರಿ ಸ್ತಬ್ಧ. ಇದೇ ಡೆಡ್‌ಲಾಕ್. ಎಲ್ಲರೂ ಮೊದಲು ರಿಜಿಸ್ಟರ್, ಆಮೇಲೆ ಮೊಹರು ಎಂಬ ಕ್ರಮ ಪಾಲಿಸಿದರೆ ಇದು ಆಗದು. ಆದರೆ ಸಾವಿರಾರು ಬೀಗಗಳ ಕ್ರಮವನ್ನು ದೇಶ ದೇಶಗಳಲ್ಲಿ ಕುಳಿತ ಸಾವಿರಾರು ಬರಹಗಾರರು ನೆನಪಿಡುವುದುಂಟೆ? ಹಂಗೇರಿಯ ಇಂಗೊ ಮೋಲ್ನಾರ್ 2006ರಲ್ಲಿ ಇದಕ್ಕಾಗಿ ‘ಲಾಕ್‌ಡೆಪ್’ ಎಂಬ ಕಾವಲುಗಾರನನ್ನು ಕರ್ನಲ್ಲಿಗೆ ಸೇರಿಸಿದರು. ಬೀಗಗಳನ್ನು ಹಿಡಿಯುವ ಕ್ರಮವನ್ನು ಅದು ಗಮನಿಸುತ್ತಾ, ಕ್ರಮ ತಪ್ಪಿದ ಕೂಡಲೇ, ಡೆಡ್‌ಲಾಕ್ ನಿಜಕ್ಕೂ ಸಂಭವಿಸುವ ಮೊದಲೇ, ಎಚ್ಚರಿಸುತ್ತದೆ.

ಬೀಗವೇ ಬೇಡದ ಒಂದು ಉಪಾಯವೂ ಈ ನಡುವೆ ಬಂತು. ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಬಸ್ ನಿಲ್ದಾಣದ ವೇಳಾಪಟ್ಟಿಯ ಫಲಕವನ್ನು ಯೋಚಿಸಿ. ಓದುವವರು ನೂರು ಮಂದಿ, ಬದಲಿಸುವವನು ಒಬ್ಬ, ಅದೂ ಅಪರೂಪಕ್ಕೆ. ಓದುವ ಪ್ರತಿಯೊಬ್ಬನೂ ಬೀಗ ಹಿಡಿಯಬೇಕೆಂದರೆ ಅನ್ಯಾಯ. ಅದರ ಬದಲು ಹೊಸ ಫಲಕವನ್ನು ಬೇರೆಡೆ ಪೂರ್ತಿ ಬರೆದು, ಒಂದೇ ಏಟಿಗೆ ಹಳೆಯದರ ಜಾಗಕ್ಕೆ ತರುವುದು. ಹಳೆಯ ಫಲಕವನ್ನು ಆಗಲೇ ಓದುತ್ತಿದ್ದವರೆಲ್ಲ ಹೊರಟುಹೋಗುವವರೆಗೆ ಅದನ್ನು ಒಡೆಯದೆ ಇಟ್ಟುಕೊಳ್ಳುವುದು. ಓದುವವನು ಕಾಯಬೇಕಿಲ್ಲ. ‘ರೀಡ್ ಕಾಪಿ ಅಪ್‌ಡೇಟ್’, ಚಿಕ್ಕದಾಗಿ ಆರ್‌ಸಿಯು, ಎಂಬ ಈ ವಿಧಾನವನ್ನು ಪಾಲ್ ಮೆಕೆನ್ನಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಮೆರಿಕದ ಸೀಕ್ವೆಂಟ್ ಕಂಪೆನಿಯ ಯಂತ್ರಗಳಿಗಾಗಿ ಬೆಳೆಸಿದ್ದರು. ಸೀಕ್ವೆಂಟನ್ನು 1999ರಲ್ಲಿ ಐಬಿಎಂ ಕೊಂಡಿತು. ಐಬಿಎಂನ ಬೆಂಗಳೂರು ಪ್ರಯೋಗಾಲಯದಲ್ಲಿದ್ದ ದೀಪಂಕರ್ ಶರ್ಮ ಅವರು ಮೆಕೆನ್ನಿ ಮೊದಲಾದವರೊಡನೆ ಇದನ್ನು ಲಿನಕ್ಸ್‌ಗೆ ತಂದರು. 2002ರ ಅಕ್ಟೋಬರ್‌ನಲ್ಲಿ ಅದು ಅಧಿಕೃತವಾಗಿ ಸೇರಿತು. ಅಲ್ಲಿಯೇ ಇದ್ದ ಮನೀಶ್ ಸೋನಿ ಮತ್ತಿತರರು ಕಡತದ ಹೆಸರು ಹುಡುಕುವ ಕೆಲಸಕ್ಕೆ ಇದನ್ನು ಅಳವಡಿಸಿದರು. ಕಂಪ್ಯೂಟರ್ ಕಡತ ತೆರೆಯುವಾಗಲೆಲ್ಲ ನಡೆಯುವ ಹುಡುಕಾಟ ಇದು.

ಇಷ್ಟಾದರೂ ದೊಡ್ಡ ಬೀಗ ಹೋಗಲಿಲ್ಲ. ಅದಕ್ಕೊಂದು ವಿಚಿತ್ರ ಗುಣವಿತ್ತು. ಬೀಗ ಹಿಡಿದವನು ನಿದ್ರೆಗೆ ಜಾರಿದರೆ ಬೀಗ ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು, ಎದ್ದಾಗ ಮತ್ತೆ ಅವನ ಕೈಗೆ ಬರುತ್ತಿತ್ತು. ಒಮ್ಮೆ ಹಿಡಿದವನೇ ಇನ್ನೊಮ್ಮೆ ಹಿಡಿಯಲೂ ಅಡ್ಡಿಯಿರಲಿಲ್ಲ. ಈ ಸಲಿಗೆಯಿಂದಾಗಿ ಅದು ಎಲ್ಲಿ ಯಾವ ಪುಸ್ತಕವನ್ನು ಕಾಯುತ್ತಿದೆ ಎಂಬುದೇ ಯಾರಿಗೂ ಖಚಿತವಿರಲಿಲ್ಲ. ಹಳೆಯ ಮನೆಯಲ್ಲಿ ಯಾವ ಕಂಬ ಮಾಳಿಗೆ ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ತಿಳಿಯದಿದ್ದರೆ ಕಂಬ ತೆಗೆಯುವುದು ಹೇಗೆ?

ಕಾಫಿಗೆ ಹೋದವನ ಸರದಿ

2008ರಲ್ಲಿ ನಡೆದದ್ದು ಈ ಕಥೆಯ ಸ್ವಾರಸ್ಯದ ಭಾಗ. ಬೀಗಕ್ಕೆ ಕಾಯುವುದರಲ್ಲಿ ಎರಡು ಬಗೆ. ಬಾಗಿಲಲ್ಲೇ ನಿಂತು ‘ತೆರೆಯಿತೇ, ತೆರೆಯಿತೇ’ ಎಂದು ಕೇಳುತ್ತಲೇ ಇರುವುದು ಒಂದು; ಇದು ಸ್ಪಿನ್ ಲಾಕ್. ಮಲಗಿಬಿಟ್ಟು, ಸರದಿ ಬಂದಾಗ ಎಬ್ಬಿಸಿಕೊಳ್ಳುವುದು ಇನ್ನೊಂದು. ಕ್ಷಣಮಾತ್ರದ ಕೆಲಸಕ್ಕೆ ಮೊದಲನೆಯದೇ ಲೇಸು, ಏಕೆಂದರೆ ಮಲಗಿ ಏಳುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೆಲಸ ದೀರ್ಘವಾದರೆ ಎರಡನೆಯದು. ಆ ವೇಳೆಗೆ ದೊಡ್ಡ ಬೀಗ ಮಲಗಿ ಕಾಯುವ ಬಗೆಯದಾಗಿತ್ತು. ಮಲಗುವ ಬೀಗದ ಕರ್ನಲ್ ಭಾಗವನ್ನು ಆ ವರ್ಷ ಚೊಕ್ಕಟವಾಗಿ, ನ್ಯಾಯವಾಗಿ ತಿರುಗಿ ಬರೆಯಲಾಯಿತು: ಮೊದಲು ಬಂದವನಿಗೆ ಮೊದಲ ಸರದಿ. ಫಲವಾಗಿ ಎಐಎಂ7 ಎಂಬ ವೇಗಪರೀಕ್ಷೆಯಲ್ಲಿ ಕರ್ನಲ್ ಸುಮಾರು ಶೇ. 40ರಷ್ಟು ಹಿಂದೆ ಬಿತ್ತು.

ನ್ಯಾಯದಿಂದ ನಿಧಾನವೇ? ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗಿದಾಗ ಆ ನಂಬರಿನವನು ಕಾಫಿಗೆ ಹೋಗಿದ್ದಾನೆ ಎನ್ನಿ. ಅವನು ಬರುವವರೆಗೆ ಕೌಂಟರ್ ಖಾಲಿ, ಸಾಲು ಮಾತ್ರ ಬೆಳೆಯುತ್ತದೆ. ಹಿಂದಿನ ವ್ಯವಸ್ಥೆಯಲ್ಲಿ ಆ ಹೊತ್ತಿಗೆ ಎಚ್ಚರವಿದ್ದ ಯಾರಾದರೂ ನುಗ್ಗಿ ಕೆಲಸ ಮುಗಿಸಿಕೊಂಡುಬಿಡುತ್ತಿದ್ದರು. ಅನ್ಯಾಯ ನಿಜ, ಆದರೆ ಕೌಂಟರ್ ಬಿಡುವಿರುತ್ತಿರಲಿಲ್ಲ. ತಮಾಷೆಯೆಂದರೆ, ಅದೇ ವರ್ಷ ಸ್ಪಿನ್ ಲಾಕ್‌ಗಳಿಗೆ ಟೋಕನ್ ನಂಬರಿನ ಪದ್ಧತಿಯನ್ನು ತಂದದ್ದು ನುಗ್ಗುವಿಕೆ ಅತಿಯಾಗಿ ಕೆಲವು ಎಳೆಗಳಿಗೆ ಸರದಿಯೇ ಸಿಗದ ಕಾರಣಕ್ಕೆ. ಬಾಗಿಲಲ್ಲೇ ನಿಂತವರ ಸಾಲಿಗೆ ನ್ಯಾಯ ಒಪ್ಪುತ್ತದೆ, ಮಲಗಿದವರ ಸಾಲಿಗೆ ದುಬಾರಿ.

ಟೋರ್ವಾಲ್ಡ್ಸ್ ದೊಡ್ಡ ಬೀಗವನ್ನು ಮರಳಿ ಸ್ಪಿನ್ ಲಾಕ್ ಮಾಡಿದರು. ವೇಗವೇನೋ ಬಂತು, ಆದರೆ ಬೀಗ ಹಿಡಿದವನನ್ನು ನಡುವೆ ತಡೆದು ತುರ್ತು ಕೆಲಸಕ್ಕೆ ಅವಕಾಶ ಕೊಡುವುದು ಅಸಾಧ್ಯವಾಯಿತು. ತಕ್ಕ ಗಳಿಗೆಯಲ್ಲಿ ಕೆಲಸ ಆಗಲೇಬೇಕಾದ ಯಂತ್ರಗಳ ಬಗ್ಗೆ ಆಸಕ್ತಿಯಿದ್ದ ಮೋಲ್ನಾರ್ ಇದಕ್ಕೆ ಸುತರಾಂ ಒಪ್ಪದೆ, ಆ ಬೀಗವನ್ನೇ ಕಿತ್ತೊಗೆಯುವ ಕೆಲಸಕ್ಕೆ ಚಾಲನೆ ಕೊಟ್ಟರು. ಮುಂದಿನ ಮೂರು ವರ್ಷ ಹಲವರು ಒಂದೊಂದೇ ಕಡತ ತೆರೆದು, ಇಲ್ಲಿ ಬೀಗ ಯಾವುದನ್ನು ಕಾಯುತ್ತಿದೆ ಎಂದು ಪತ್ತೆಮಾಡಿ, ಸಣ್ಣ ಬೀಗ ಹಾಕುತ್ತಾ ಬಂದರು. ಹೆಸರು ಬರದ, ಬೇಸರದ ದುಡಿಮೆ. ಉಳಿದ ಕೊನೆಯ ತುಣುಕುಗಳನ್ನು, ಹೆಚ್ಚಾಗಿ ಹಳೆಯ ಡ್ರೈವರುಗಳು ಮತ್ತು ಬಳಕೆ ತಗ್ಗಿದ ಭಾಗಗಳನ್ನು, ಆರ್ನ್ಡ್ ಬರ್ಗ್‌ಮನ್ ಮುಗಿಸಿದರು. 2011ರ ಮೇ ತಿಂಗಳಲ್ಲಿ ಬಂದ 2.6.39 ಆವೃತ್ತಿಯಲ್ಲಿ ದೊಡ್ಡ ಬೀಗ ಇರಲಿಲ್ಲ.

ಅಷ್ಟರಲ್ಲಿ ಸಣ್ಣ ಬೀಗಗಳೇ ಕಾಡತೊಡಗಿದ್ದವು. ಪ್ರತಿ ಪ್ರೊಸೆಸರಿಗೂ ಹತ್ತಿರದಲ್ಲೇ ಒಂದು ಪುಟ್ಟ ಮೆಮೊರಿ ಇರುತ್ತದೆ. ಟೋಕನ್ ಫಲಕದ ಅಂಕಿ ಬದಲಾದಾಗಲೆಲ್ಲ ಕಾಯುತ್ತಿರುವ ಪ್ರತಿಯೊಂದು ಪ್ರೊಸೆಸರೂ ಹೊಸ ಅಂಕಿಯನ್ನು ತನ್ನ ಬಳಿಗೆ ತರಿಸಿಕೊಳ್ಳಬೇಕು. ಅಮೆರಿಕದ ಎಂಐಟಿ ಸಂಶೋಧಕರು 48 ಪ್ರೊಸೆಸರುಗಳ ಯಂತ್ರದಲ್ಲಿ ಪರೀಕ್ಷಿಸಿ 2012ರಲ್ಲಿ ತೋರಿಸಿದ್ದು ಇದನ್ನೇ: ಒಂದು ಹಂತ ದಾಟಿದ ಮೇಲೆ ಪ್ರೊಸೆಸರ್ ಸೇರಿಸಿದಷ್ಟೂ ಕೆಲಸ ಹೆಚ್ಚುವುದಿರಲಿ, ಕುಸಿಯುತ್ತದೆ. ಪರಿಹಾರ ಮಾತ್ರ 1991ರಷ್ಟು ಹಳೆಯದು. ಮೆಲರ್-ಕ್ರಮ್ಮಿ ಮತ್ತು ಸ್ಕಾಟ್ ಸೂಚಿಸಿದ್ದ ಆ ಬೀಗದಲ್ಲಿ ಯಾರೂ ಫಲಕ ನೋಡಬೇಕಿಲ್ಲ. ತನ್ನ ಕೆಲಸ ಮುಗಿದವನು ಹಿಂದೆ ನಿಂತವನ ಭುಜ ತಟ್ಟಿ ಹೋಗುತ್ತಾನೆ. 2015ರಲ್ಲಿ ಲಿನಕ್ಸ್‌ನ ಸ್ಪಿನ್ ಲಾಕ್ ಇದೇ ತತ್ವದ ಮೇಲೆ ಹೊಸ ರೂಪ ಪಡೆಯಿತು.

ಈಗ ಈ ಕರ್ನಲ್ ದೊಡ್ಡ ಸರ್ವರುಗಳಲ್ಲಷ್ಟೇ ಇಲ್ಲ. ಪ್ರತಿಯೊಂದು ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸೇ. ಫೋನಿನಲ್ಲಿ ಒಂದು ಆ್ಯಪ್ ತೆರೆದಾಗ ಅದರ ಹಲವು ಎಳೆಗಳು ಒಮ್ಮೆಗೇ ಮೆಮೊರಿ ಕೇಳುತ್ತವೆ. ಆದರೆ ಆ ಆ್ಯಪ್‌ನ ಇಡೀ ಮೆಮೊರಿ ನಕ್ಷೆಗೆ ಇದ್ದದ್ದು ಒಂದೇ ಬೀಗ. 2023ರ ಜೂನ್‌ನಲ್ಲಿ ಬಂದ 6.4 ಆವೃತ್ತಿಯಲ್ಲಿ ನಕ್ಷೆಯ ಒಂದೊಂದು ಭಾಗಕ್ಕೂ ಪ್ರತ್ಯೇಕ ಬೀಗ ಕೊಡಲಾಯಿತು. ಹಳೆಯ ಬೀಗವನ್ನು ತೆಗೆದುಹಾಕಿಲ್ಲ. ಸಣ್ಣ ಬೀಗ ಕೈಗೆ ಸಿಗದಿದ್ದರೆ ಎಳೆ ಹಿಂದಿರುಗಿ ಬರುವುದು ಅದರ ಬಾಗಿಲಿಗೇ.