ಕೆಟ್ಟಿದ್ದು ಗೇರ್‌ಬಾಕ್ಸೋ, ಅದರೊಳಗಿನ ಸೆನ್ಸರೋ?

ಹೆದ್ದಾರಿಯಲ್ಲಿ ಒಂದೆರಡು ಗಂಟೆ ಸಲೀಸಾಗಿ ಓಡಿದ ಆಟೊಮ್ಯಾಟಿಕ್ ಕಾರು ಇದ್ದಕ್ಕಿದ್ದಂತೆ ಮೊಂಡು ಹಿಡಿಯುತ್ತದೆ. ಗೇರ್ ಬದಲಾಗುವುದಿಲ್ಲ. ಬದಿಗೆ ನಿಲ್ಲಿಸಿ ಮತ್ತೆ ಹೊರಟರೆ ಎರಡನೇ ಗೇರಿನಲ್ಲೇ ಗೊರಗುಟ್ಟುತ್ತಾ ಸಾಗುತ್ತದೆ. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಎಲ್ಲ ಗೇರುಗಳೂ ಬೀಳುತ್ತವೆ. ಗ್ಯಾರೇಜಿಗೆ ಒಯ್ದರೆ, "ಗೇರ್‌ಬಾಕ್ಸ್ ಹೋಗಿದೆ ಸಾರ್, ಕೆಳಗಿಳಿಸಬೇಕು" ಎಂಬ ಮಾತು ಕೇಳಿಬರುತ್ತದೆ. ಈ ಮಾತಿಗೆ ತಲೆಯಾಡಿಸುವ ಮೊದಲು ಸ್ವಲ್ಪ ಯೋಚಿಸಬೇಕು. ಸವೆದ ಕ್ಲಚ್ ಅರ್ಧ ಗಂಟೆಯ ವಿಶ್ರಾಂತಿಯಿಂದ ವಾಸಿಯಾಗುವುದಿಲ್ಲ. ಬಿಸಿಯಲ್ಲಿ ಕೈಕೊಟ್ಟು ತಂಪಿನಲ್ಲಿ ಎಚ್ಚೆತ್ತುಕೊಳ್ಳುವುದು ಹೆಚ್ಚಾಗಿ ವಿದ್ಯುತ್ ಭಾಗಗಳ ಗುಣ.

1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಬಂದ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಈ ತೊಂದರೆಗೆ ಆಸ್ಪದವೇ ಇರಲಿಲ್ಲ. ಕಾರಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಎಣ್ಣೆಯ ಒತ್ತಡವೇ ಅಲ್ಲಿ ಗೇರ್ ಬದಲಿಸುತ್ತಿತ್ತು. ಈಗಿನ ಗೇರ್‌ಬಾಕ್ಸಿನಲ್ಲೂ ಕ್ಲಚ್ಚುಗಳನ್ನು ಒತ್ತುವುದು ಎಣ್ಣೆಯೇ. ಆದರೆ ಯಾವಾಗ, ಎಷ್ಟು ಒತ್ತಬೇಕೆಂದು ತೀರ್ಮಾನಿಸುವುದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಕಣ್ಣಿಲ್ಲ, ಸೆನ್ಸರುಗಳು ಹೇಳಿದ್ದನ್ನೇ ನಂಬಬೇಕು. ಹೇಳಿದ್ದು ಹೊಂದಿಕೆಯಾಗದಿದ್ದರೆ, ಯಂತ್ರಕ್ಕೆ ಹಾನಿಯಾಗದಿರಲೆಂದು ಅದು ಗೇರ್ ಬದಲಿಸುವುದನ್ನೇ ನಿಲ್ಲಿಸಿ ಒಂದೇ ಗೇರಿಗೆ ಅಂಟಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ.

ಒಂದು ನಿಜವಾದ ಗೇರ್‌ಬಾಕ್ಸನ್ನೇ ಎದುರಿಗಿಟ್ಟುಕೊಂಡು ನೋಡೋಣ. ಮರ್ಸಿಡಿಸ್-ಬೆಂಜ್ 1996ರಲ್ಲಿ ಬಳಕೆಗೆ ತಂದ, ಐದು ಗೇರುಗಳ 722.6 ಅದು. ಮುಂದೆ ಕ್ರೈಸ್ಲರ್ ಮತ್ತು ಜೀಪ್ ಕಾರುಗಳಲ್ಲೂ ಬಳಕೆಯಾಯಿತು. ಅದರ ತಳದಲ್ಲಿ, ಬಿಸಿ ಎಣ್ಣೆಯ ನಡುವೆ, ಒಂದು ಪ್ಲಾಸ್ಟಿಕ್ ಫಲಕವಿದೆ. ವೇಗ ಅಳೆಯುವ ಎನ್2, ಎನ್3 ಎಂಬ ಎರಡು ಸೆನ್ಸರುಗಳೂ ಎಣ್ಣೆಯ ಉಷ್ಣತೆ ಅಳೆಯುವ ಇನ್ನೊಂದೂ ಈ ಫಲಕದ ಮೇಲಿವೆ.

ಎನ್2 ಮತ್ತು ಎನ್3 ಹಾಲ್ ಸೆನ್ಸರುಗಳು. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಕೊಂಡ ಸಂಗತಿ ಇದು: ವಿದ್ಯುತ್ ಹರಿಯುತ್ತಿರುವ ಲೋಹದ ತೆಳು ಹಾಳೆಗೆ ಲಂಬವಾಗಿ ಅಯಸ್ಕಾಂತ ಕ್ಷೇತ್ರವನ್ನು ಒಡ್ಡಿದರೆ, ಹಾಳೆಯ ಎರಡು ಅಂಚುಗಳ ನಡುವೆ ಚಿಕ್ಕದೊಂದು ವೋಲ್ಟೇಜ್ ಹುಟ್ಟುತ್ತದೆ. ಸೆನ್ಸರಿನ ಮುಂದೆ ಉಂಗುರವೊಂದು ತಿರುಗುವಾಗ ಕ್ಷೇತ್ರ ಏರಿಳಿಯುತ್ತದೆ, ವೋಲ್ಟೇಜೂ ಏರಿಳಿಯುತ್ತದೆ. ಸೆಕೆಂಡಿಗೆ ಎಷ್ಟು ಮಿಡಿತ ಬಂತೆಂದು ಎಣಿಸಿ ಕಂಪ್ಯೂಟರ್ ವೇಗ ಲೆಕ್ಕ ಹಾಕುತ್ತದೆ. ಇನ್ನು ಕೆಲವು ಗೇರ್‌ಬಾಕ್ಸುಗಳಲ್ಲಿ ತಂತಿ ಸುರುಳಿಯ ಸೆನ್ಸರ್ ಇರುತ್ತದೆ. ಅದು ಸೈಕಲ್ ಡೈನಮೋದಂತೆ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಪರೀಕ್ಷಿಸುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು. ಸುರುಳಿಯ ಸೆನ್ಸರನ್ನು ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಪರೀಕ್ಷಿಸಬಹುದು. ಹಾಲ್ ಸೆನ್ಸರಿನ ವಿಷಯದಲ್ಲಿ ಆ ಅಳತೆಯಿಂದ ಏನೂ ತಿಳಿಯದು. ಅದಕ್ಕೆ ವಿದ್ಯುತ್ ಪೂರೈಕೆ ಇದೆಯೇ, ಅದರಿಂದ ಮಿಡಿತ ಹೊರಡುತ್ತಿದೆಯೇ ಎಂದು ನೋಡಬೇಕು.

ಸ್ಕ್ಯಾನರ್ ಜೋಡಿಸಿದರೆ ಪಿ0715ರಂತಹ ಕೋಡ್ ಕಾಣಿಸಬಹುದು. ವೇಗದ ಸೆನ್ಸರಿನ ಹಾದಿಯಲ್ಲಿ ಎಲ್ಲೋ ದೋಷವಿದೆ ಎಂದಷ್ಟೇ ಅದರ ಅರ್ಥ. ಆ ಹಾದಿಯಲ್ಲಿ ಸೆನ್ಸರ್, ವೈರು, ಕನೆಕ್ಟರ್, ಕಂಪ್ಯೂಟರ್ ಎಲ್ಲವೂ ಇವೆ. ಕೋಡ್ ಓದಿದ ಕೂಡಲೇ ಬಿಡಿಭಾಗ ಬದಲಿಸುವುದನ್ನು ರೋಗನಿದಾನ ಎನ್ನಲಾಗದು. ನಿಜವಾದ ಪತ್ತೆ ಕಾರನ್ನು ಓಡಿಸುತ್ತಾ ಸ್ಕ್ಯಾನರಿನಲ್ಲಿ ಅಂಕಿಗಳನ್ನು ಗಮನಿಸುವಾಗ ನಡೆಯುತ್ತದೆ.

722.6ರಲ್ಲಿ ಎನ್2 ಮುಂದಿನ ಗೇರ್ ಜೋಡಣೆಯ ನಡುಚಕ್ರದ ವೇಗವನ್ನೂ ಎನ್3 ಅದರ ಸುತ್ತಲಿನ ಚಿಕ್ಕ ಚಕ್ರಗಳನ್ನು ಹೊತ್ತ ಚೌಕಟ್ಟಿನ ವೇಗವನ್ನೂ ಅಳೆಯುತ್ತವೆ. ಒಂದು ಮತ್ತು ಐದನೇ ಗೇರಿನಲ್ಲಿ ನಡುಚಕ್ರವನ್ನು ಬ್ರೇಕ್ ಹಿಡಿದು ನಿಲ್ಲಿಸಿರುವುದರಿಂದ ಎನ್2 ಸೊನ್ನೆ ತೋರಿಸುತ್ತದೆ. ಅದು ದೋಷವಲ್ಲ. ಎರಡು, ಮೂರು, ನಾಲ್ಕರಲ್ಲಿ ಆ ಜೋಡಣೆಯನ್ನು ಕ್ಲಚ್ಚೊಂದು ಒಟ್ಟಾಗಿ ಬಿಗಿಯುವುದರಿಂದ ಎರಡೂ ಅಂಕಿಗಳು ಸಮನಾಗಿರಲೇಬೇಕು.

ಮೂರನೇ ಗೇರಿನಲ್ಲಿ ಎರಡೂ ನಿಮಿಷಕ್ಕೆ 2000 ಸುತ್ತು ತೋರಿಸುತ್ತಿರುವಾಗ ಎನ್3 ಒಮ್ಮೆಲೇ ಸೊನ್ನೆಗೆ ಬಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ 2000ಕ್ಕೆ ಮರಳಿತು ಎನ್ನಿ. ಆ ಚೌಕಟ್ಟು ಉಳಿದ ಗೇರುಗಳ ಮೂಲಕ ಚಕ್ರಗಳಿಗೆ, ಅಂದರೆ ಟನ್ನುಗಟ್ಟಲೆ ತೂಗುವ ಕಾರಿಗೆ ಜೋಡಿಸಿಕೊಂಡಿದೆ. ಅಷ್ಟು ಭಾರ ಅಷ್ಟು ಬೇಗ ನಿಂತು, ಮತ್ತೆ ಅದೇ ವೇಗ ಪಡೆಯಲು ಸಾಧ್ಯವೇ ಇಲ್ಲ. ನಿಜವಾಗಿಯೂ ನಿಂತಿದ್ದರೆ ಒಳಗೆ ಕಬ್ಬಿಣ ಮುರಿಯುವ ಸದ್ದು ಕೇಳಿಸಬೇಕಿತ್ತು. ಹಾಗಾಗಿ ನಿಂತದ್ದು ಚೌಕಟ್ಟಲ್ಲ, ಅದರ ಸುದ್ದಿ ತರುತ್ತಿದ್ದ ವಿದ್ಯುತ್ ಮಿಡಿತ. ಕ್ಲಚ್ ಜಾರುತ್ತಿದ್ದರೆ ಅಂಕಿಗಳ ನಡವಳಿಕೆಯೇ ಬೇರೆ: ಎರಡೂ ಸ್ವಲ್ಪ ಸ್ವಲ್ಪವಾಗಿ ದೂರ ಸರಿಯುತ್ತವೆ, ಜೊತೆಗೆ ಎಂಜಿನ್ ಸುಮ್ಮನೆ ರೇಗುತ್ತದೆ. ಒಂದು ನಟ್ಟನ್ನೂ ಬಿಚ್ಚದೆ, ನ್ಯೂಟನ್ನನ ನಿಯಮದ ಬಲದಿಂದಲೇ ಇಷ್ಟನ್ನು ತೀರ್ಮಾನಿಸಬಹುದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನೊಂದು ಸುಳಿವಿದೆ. ಎರಡೂ ಸೆನ್ಸರುಗಳಿಗೆ ಕಂಪ್ಯೂಟರಿನಿಂದ ಸುಮಾರು 6 ವೋಲ್ಟಿನ ಪೂರೈಕೆ ಒಂದೇ ಕಡೆಯಿಂದ ಬರುತ್ತದೆ. ಒಂದೇ ಅಂಕಿ ಮಾಯವಾದರೆ ಮೊದಲ ಅನುಮಾನ ಆ ಸೆನ್ಸರಿನ ಮೇಲೆ. ಎರಡೂ ಒಟ್ಟಿಗೇ ಮಾಯವಾದರೆ ಪೂರೈಕೆಯನ್ನೂ ಕನೆಕ್ಟರನ್ನೂ ನೋಡಬೇಕು. ಈ ಗೇರ್‌ಬಾಕ್ಸಿನ 13 ಪಿನ್ನುಗಳ ಕನೆಕ್ಟರಿನಲ್ಲಿರುವ ರಬ್ಬರ್ ಉಂಗುರಗಳು ವಯಸ್ಸಾದಂತೆ ಗಡುಸಾಗಿ ಎಣ್ಣೆ ಜಿನುಗುತ್ತದೆ. ಹೊರಗೆ ತೊಟ್ಟಿಕ್ಕುವುದಷ್ಟೇ ಅಲ್ಲ, ವೈರಿನ ಎಳೆಗಳ ನಡುವಿನ ಸಂದುಗಳಲ್ಲಿ ಮೇಲೇರುತ್ತಾ ಅದು ಕಂಪ್ಯೂಟರಿನವರೆಗೂ ತಲುಪುವುದುಂಟು. ಕಂಪ್ಯೂಟರಿನ ಕನೆಕ್ಟರನ್ನು ಕಳಚಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿದರೆ ಎಣ್ಣೆ ಬಂದಿದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮಲ್ಲಿ ಇಲಿ ಕಡಿದ ವೈರು, ಮಳೆಗಾಲದ ತೇವದಿಂದ ಕಿಲುಬು ಹಿಡಿದ ಪಿನ್ನುಗಳನ್ನೂ ಇದೇ ಹೊತ್ತಿನಲ್ಲಿ ಹುಡುಕಬೇಕು.

ಉಷ್ಣತೆಯ ಸೆನ್ಸರ್ ಅನುಭವಿಗಳನ್ನೂ ದಾರಿ ತಪ್ಪಿಸುತ್ತದೆ. ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆಯೇ ಎಂದು ತಿಳಿಸುವ ಸ್ವಿಚ್ಚಿನೊಂದಿಗೆ ಅದನ್ನು ಒಂದೇ ಸಾಲಿನಲ್ಲಿ ಜೋಡಿಸಲಾಗಿದೆ. ಆ ಎರಡು ಸ್ಥಾನಗಳಲ್ಲಿ ಸ್ವಿಚ್ ತೆರೆದುಕೊಳ್ಳುವುದರಿಂದ ಮಲ್ಟಿಮೀಟರಿಗೆ ವೈರು ತುಂಡಾದಂತೆಯೇ ಕಾಣುತ್ತದೆ. ಕಂಪ್ಯೂಟರಿಗೆ ಇದು ಗೊತ್ತು. ಆಗ ಅದು ಎಂಜಿನ್ ನೀರಿನ ಉಷ್ಣತೆಯನ್ನು ಬಳಸಿಕೊಳ್ಳುತ್ತದೆ. ಗೊತ್ತಿಲ್ಲದವರು ಮಾತ್ರ ಸರಿಯಿರುವ ಸೆನ್ಸರನ್ನು ಕಿತ್ತೆಸೆಯುತ್ತಾರೆ. ಗೇರನ್ನು ಡ್ರೈವ್‌ಗೆ ತಂದು ಅಳೆದರೆ ನಿಜ ತಿಳಿಯುತ್ತದೆ.

ಬಿಸಿಯಲ್ಲಿ ಬರುವ ದೋಷವನ್ನು ಬಿಸಿಯಲ್ಲೇ ಹುಡುಕಬೇಕು. ರಾತ್ರಿಯಿಡೀ ತಣ್ಣಗೆ ನಿಂತ ಕಾರನ್ನು ಬೆಳಗ್ಗೆ ಅಂಗಳದಲ್ಲಿ ಪರೀಕ್ಷಿಸಿ "ಸೆನ್ಸರ್ ಸರಿಯಿದೆ" ಎಂದರೆ ಅದಕ್ಕೆ ಬೆಲೆಯಿಲ್ಲ. ನಿಮ್ಮ ಕಾರಿಗೂ ಹೀಗಾದರೆ, ಮೆಕ್ಯಾನಿಕ್ ಜೊತೆ ನೀವೂ ಕೂತು ತೊಂದರೆ ಕಾಣಿಸುವವರೆಗೆ ಓಡಿಸಿ, ಆ ಹೊತ್ತಿನ ಅಂಕಿಗಳನ್ನು ಸ್ಕ್ಯಾನರಿನಲ್ಲಿ ದಾಖಲಿಸಲು ಹೇಳಿ. ಆ ದಾಖಲೆ ನೋಡದೆ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. 722.6ರಲ್ಲಂತೂ ಸೆನ್ಸರಿನ ಫಲಕ ಬದಲಿಸಲು ಗೇರ್‌ಬಾಕ್ಸನ್ನು ಕಾರಿನಿಂದ ಇಳಿಸುವ ಅಗತ್ಯವೇ ಇಲ್ಲ. ಎಣ್ಣೆ ಬಸಿದು, ಕೆಳಗಿನ ತಟ್ಟೆಯನ್ನೂ ಅದರ ಮೇಲಿರುವ ವಾಲ್ವ್ ಬಾಡಿಯನ್ನೂ ಬಿಚ್ಚಿದರೆ ಫಲಕ ಕೈಗೆ ಸಿಗುತ್ತದೆ.