ಕಂಪವಾತವೂ ನೆಲದ ಗೆರೆಯೂ

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ, ಮನೆಯ ಹಿರಿಯರು ಹೊಸ್ತಿಲ ಬಳಿ ಕಾಲು ಕೀಳಲಾರದೆ ನಿಂತುಬಿಟ್ಟರೆ ನಾವು ಅದನ್ನು ಹಟವೆಂದೆಣಿಸಿ ಗದರಿಸುವದುಂಟು. ಅದು ಕಂಪವಾತವಾಗಿದ್ದರೆ ಹಾಗೆ ಗದರಿಸುವದು ಅನ್ಯಾಯವೇ ಸರಿ.

1817ರಲ್ಲಿ ಲಂಡನ್ನಿನ ವೈದ್ಯರಾದ ಜೇಮ್ಸ್ ಪಾರ್ಕಿನ್‌ಸನ್‌ರು ವರ್ಣಿಸಿದ ಈ ರೋಗದಲ್ಲಿ ಮಿದುಳಿನ ಆಳದ ಕೆಲವು ಜೀವಕಣಗಳು ಕ್ಷಯಿಸಿ, ಡೋಪಮೀನ್ ಎಂಬ ದ್ರವ್ಯವು ಕಡಿಮೆಯಾಗುವದು. ಆಗ ಅಭ್ಯಾಸಬಲದಿಂದ ತಾನಾಗಿ ನಡೆಯುವ ಚಲನೆಗಳು ಕೆಡುವವು: ಕೈ ನಡುಗುವದು, ಬರೆಯುವ ಅಕ್ಷರ ಕಿರಿದಾಗುವದು, ಹೆಜ್ಜೆ ತಡೆಯುವದು.

ಆಶ್ಚರ್ಯವೇನಂದರೆ, ನೆಲದ ಮೇಲೆ ಹೆಜ್ಜೆಯಳತೆಗೆ ಅಡ್ಡಗೆರೆಗಳನ್ನೆಳೆದರೆ ನಿಂತ ಕಾಲೇ ಅವುಗಳನ್ನು ದಾಟಿ ನಡೆಯುವದುಂಟು. ಕಣ್ಣಿಗೆ ಕಂಡ ಗುರುತು ಮಿದುಳಿನ ಬೇರೊಂದು ಮಾರ್ಗದಿಂದ ಚಲನೆಯನ್ನು ಎಬ್ಬಿಸುತ್ತದೆಂದು ಶೋಧಕರು ಭಾವಿಸುತ್ತಾರೆ. ಮಗ್ಗದ ಸದ್ದಿನಂಥ ಸಮತಾಳವೂ ಕೆಲವರಿಗೆ ಹೀಗೆಯೇ ನೆರವಾಗುವದು.

ಗೆರೆಯು ಔಷಧಕ್ಕೆ ಬದಲಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗದ ಪರೀಕ್ಷೆಯೂ ಚಿಕಿತ್ಸೆಯೂ ನಡೆಯುತ್ತವೆ. ಆದದರಿಂದ, ಸಹೋದರಿಯರೇ, ಪಾಲಕರೇ, ವೈದ್ಯರು ಹೇಳಿದ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ಹಿರಿಯರ ಕೈಹಿಡಿದೆಳೆಯದೆ, ಅವಸರಪಡಿಸದೆ, ಹೊಸ್ತಿಲ ಮುಂದೆ ಸುಣ್ಣದ ನಾಲ್ಕು ಗೆರೆಗಳನ್ನೆಳೆದು ತಾಳ್ಮೆಯಿಂದ ಬದಿಯಲ್ಲಿ ನಿಲ್ಲಿರಿ.